ನೀವು ಕೇಳಿದಿರಿ: ಜೋ ಯಾಕೆ ಹಾಗೆ ಮಾಡಿದಳು?

ಈ ಸಲ ಬಂದ ಪತ್ರಗಳಲ್ಲಿ ಒಂದೇ ವಿಷಯದ ಮೇಲೆ ಐದು ಪ್ರಶ್ನೆಗಳಿವೆ. ಎಲ್ಲವೂ ಮೆಗ್, ಜೋ, ಬೆತ್, ಏಮಿ ಅನ್ನುವ ನಾಲ್ವರು ಅಕ್ಕತಂಗಿಯರ ಕಥೆ ‘ಲಿಟಲ್ ವಿಮೆನ್’ ಸುತ್ತ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಸರದಿ ಮುಂದಿನ ಸಲ.

ಪ್ರಶ್ನೆ: ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ ಕಾದಂಬರಿ ಈಗ ತಾನೇ ಓದಿ ಮುಗಿಸಿದೆ. ಸಿನಿಮಾ ನೋಡೋಣ ಅಂದರೆ 1933, 1949, 1994, 2019 ಅಂತ ಸಾಲಾಗಿ ನಿಂತಿವೆ. ಯಾವುದರಿಂದ ಶುರು ಮಾಡಲಿ? 1933ರದ್ದು ಕಪ್ಪು-ಬಿಳುಪು, ಬೋರ್ ಹೊಡೆಯಲ್ವಾ?

ಉತ್ತರ: 1933ರದ್ದರಿಂದಲೇ ಶುರು ಮಾಡಿ. ಮೊದಲ ಹತ್ತು ನಿಮಿಷ ಸ್ವಲ್ಪ ತಾಳ್ಮೆ ಬೇಕು ಅಷ್ಟೆ. ಆ ಕಾಲದ ನಟನೆಯಲ್ಲಿ ನಾಟಕದ ವರಸೆ ಜಾಸ್ತಿ, ದನಿಯೂ ಜೋರು. ಕಿವಿ ಒಗ್ಗಿಕೊಂಡ ಮೇಲೆ ಅದು ಗೊತ್ತೇ ಆಗುವುದಿಲ್ಲ.

ಆರಂಭವನ್ನೇ ನೋಡಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದೆ. ಹುಡುಗಿಯರ ಅಮ್ಮ ಮಾರ್ಮೀ ಸೈನಿಕರ ನೆರವಿನ ಕೆಲಸದಲ್ಲಿದ್ದಾಳೆ. ಕೋಟು ಬೇಕು ಅಂತ ಒಬ್ಬ ಮುದುಕ ಬರುತ್ತಾನೆ. ನಾಲ್ಕು ಜನ ಗಂಡುಮಕ್ಕಳನ್ನು ಯುದ್ಧಕ್ಕೆ ಕಳಿಸಿದವನು. ಇಬ್ಬರು ಸತ್ತಿದ್ದಾರೆ, ಒಬ್ಬ ಸೆರೆ ಸಿಕ್ಕಿದ್ದಾನೆ, ಉಳಿದೊಬ್ಬ ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿದ್ದಾನೆ, ಅವನನ್ನು ನೋಡಲು ಹೊರಟಿದ್ದಾನೆ. ಪುಸ್ತಕದಲ್ಲಿ ಇದು ಅಮ್ಮ ಮಕ್ಕಳಿಗೆ ಹೇಳುವ ಒಂದು ಸಣ್ಣ ಕಥೆ, ನಾಲ್ಕನೇ ಅಧ್ಯಾಯದಲ್ಲಿ ಬಂದು ಹೋಗುತ್ತದೆ. ಚಿತ್ರ ಅದನ್ನು ಎತ್ತಿ ತಂದು ಬಾಗಿಲಲ್ಲೇ ಇಟ್ಟಿದೆ. ಆಮೇಲೆ ನಾಲ್ಕು ಹುಡುಗಿಯರು ಕ್ರಿಸ್‌ಮಸ್ ಬಗ್ಗೆ ಏನೇ ಗೊಣಗಲಿ, ನಮ್ಮ ತಲೆಯಲ್ಲಿ ಆ ಮುದುಕ ಕೂತೇ ಇರುತ್ತಾನೆ. ಇನ್ನೂ ಒಂದು ಮಾತು. 1933 ಅಂದರೆ ಮಹಾ ಆರ್ಥಿಕ ಕುಸಿತದ ಕಾಲ, ಅಮೆರಿಕದಲ್ಲಿ ಕೆಲಸ ಕಳೆದುಕೊಂಡವರಿಗೆ ಲೆಕ್ಕವಿರಲಿಲ್ಲ. ಒಂದು ಕಾಲಕ್ಕೆ ಚೆನ್ನಾಗಿದ್ದು ಈಗ ಕೈ ಬರಿದಾದ ಮನೆ, ಅಲ್ಲಿನ ಮಕ್ಕಳು ತಮ್ಮ ಹಬ್ಬದ ತಿಂಡಿಯನ್ನು ಇನ್ನೂ ಬಡವರ ಮನೆಗೆ ಹೊತ್ತುಕೊಂಡು ಹೋಗುವುದು, ಇದನ್ನೆಲ್ಲ ಆಗ ನೋಡಿದವರಿಗೆ ಎಪ್ಪತ್ತು ವರ್ಷದ ಹಿಂದಿನ ಕಥೆ ಅನ್ನಿಸಿರಲಿಕ್ಕಿಲ್ಲ.

ನಿರ್ದೇಶಕ ಜಾರ್ಜ್ ಕ್ಯೂಕರ್. ಚಿತ್ರಕಥೆ ಬರೆದದ್ದು ಸಾರಾ ವೈ. ಮೇಸನ್ ಮತ್ತು ವಿಕ್ಟರ್ ಹೀರ್ಮನ್, ಗಂಡ-ಹೆಂಡತಿ. ಅವರಿಗೆ ಆಸ್ಕರ್ ಬಂತು. ಆದರೆ ಚಿತ್ರವನ್ನು ಹೆಗಲ ಮೇಲೆ ಹೊತ್ತದ್ದು ಜೋ ಪಾತ್ರದ ಕ್ಯಾಥರಿನ್ ಹೆಪ್‌ಬರ್ನ್. ಆಕೆಗೆ ಆಗ 26, ಕಥೆ ಶುರುವಾದಾಗ ಜೋಗೆ 15. ಆ ಲೆಕ್ಕ ಬಿಡಿ. ಈ ಜೋ ನಡೆಯುವುದೇ ಕಡಿಮೆ, ಎಲ್ಲಿಗೂ ಓಡಿಯೇ ಹೋಗುವುದು. ಪಾರ್ಟಿಗೆ ಹೊರಟಾಗ ಫ್ರಾಕಿನ ಹಿಂಭಾಗ ಸುಟ್ಟಿರುತ್ತದಲ್ಲ, ಯಾರಿಗೂ ಕಾಣಬಾರದು ಅಂತ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಅಂಥವಳಿಗೆ ಸುಮ್ನೆ ನಿಲ್ಲುವುದೇ ಒಂದು ಶಿಕ್ಷೆ. ಅದು ಆಕೆಯ ಮೈಯಲ್ಲೇ ಕಾಣುತ್ತದೆ, ಮಾತು ಬೇಕಿಲ್ಲ. ಅಂದ ಹಾಗೆ, ಈ ಚಿತ್ರದ ತನ್ನ ಒಂದು ಉಡುಪನ್ನು ಅಜ್ಜಿಯ ಹಳೇ ಫೋಟೋ ಒಂದನ್ನು ನೋಡಿ ಹೆಪ್‌ಬರ್ನ್ ಹೊಲಿಸಿಕೊಂಡರಂತೆ.

ತಪ್ಪುಗಳೂ ಇವೆ. ಪುಸ್ತಕದಲ್ಲಿ 12 ವರ್ಷದ ಏಮಿಯನ್ನು ಆಡಿದ ಜೋನ್ ಬೆನೆಟ್‌ಗೆ 23 ವರ್ಷ, ಸಾಲದ್ದಕ್ಕೆ ಚಿತ್ರೀಕರಣದ ಹೊತ್ತಿಗೆ ಬಸುರಿ. ಅದನ್ನು ಮರೆಮಾಚಲು ಆಕೆಯ ಬಟ್ಟೆಗಳನ್ನೆಲ್ಲ ತಿದ್ದಬೇಕಾಯಿತು. ಗೊತ್ತಾದ ಮೇಲೆ ನಿಮ್ಮ ಕಣ್ಣು ಅಲ್ಲಿಗೇ ಹೋಗುತ್ತದೆ. ಹೇಳಬಾರದಿತ್ತೇನೋ.

ಪ್ರಶ್ನೆ: 1949ರ ಚಿತ್ರದಲ್ಲಿ ಬೆತ್ ಎಲ್ಲರಿಗಿಂತ ಚಿಕ್ಕವಳು! ಪುಸ್ತಕದಲ್ಲಿ ಕೊನೆಯವಳು ಏಮಿ ಅಲ್ವಾ? ನಾನೇ ತಪ್ಪಾಗಿ ಓದಿದೆನಾ?

ಉತ್ತರ: ನೀವು ಸರಿಯಾಗಿಯೇ ಓದಿದ್ದೀರಿ. ಬೆತ್ ಪಾತ್ರಕ್ಕೆ ಸಿಕ್ಕವಳು ಮಾರ್ಗರೆಟ್ ಒ’ಬ್ರಯನ್, ಆಗ ದೊಡ್ಡ ಬಾಲನಟಿ, ವಯಸ್ಸು 11. ಏಮಿ ಪಾತ್ರಕ್ಕೆ 16ರ ಎಲಿಜಬೆತ್ ಟೇಲರ್. ಇವರಿಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಏಮಿಯೇ ಚಿಕ್ಕವಳು ಅಂದರೆ ಯಾರು ನಂಬುತ್ತಾರೆ? ವಯಸ್ಸನ್ನೇ ಅದಲುಬದಲು ಮಾಡಿಬಿಟ್ಟರು. ಟೇಲರ್ ತಲೆಗೆ ಹೊಂಬಣ್ಣದ ವಿಗ್ ಬೇರೆ. ನಾನು ಮೊದಲು ನೋಡಿದ್ದು ಇದನ್ನೇ, ಹಾಗಾಗಿ ಬಹಳ ವರ್ಷ ಏಮಿ ಅಂದರೆ ನನಗೆ ಆ ವಿಗ್. ಚಿತ್ರ ಕಣ್ಣಿಗೆ ಹಬ್ಬ, ಕಲಾ ನಿರ್ದೇಶನಕ್ಕೆ ಆಸ್ಕರ್ ಕೂಡ ಬಂತು. ಆದರೆ ಹಳೇ ಚಿತ್ರಕಥೆಯನ್ನೇ ಹಿಡಿದುಕೊಂಡು ಮಾಡಿದ್ದು. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಅದೇ ಅಡುಗೆಯನ್ನು ಬಣ್ಣದ ತಟ್ಟೆಯಲ್ಲಿ ಬಡಿಸಿದ ಹಾಗಿರುತ್ತದೆ.

ಪ್ರಶ್ನೆ: ಯಾವ ಸಿನಿಮಾ ನೋಡಿದರೂ ನನ್ನ ಸಿಟ್ಟು ಒಂದೇ. ಜೋ ಯಾಕೆ ಲಾರಿಯನ್ನು ಮದುವೆಯಾಗಲಿಲ್ಲ? ಪಕ್ಕದ ಮನೆ ಹುಡುಗ, ಒಳ್ಳೆಯವನು, ಶ್ರೀಮಂತ. ಅವನನ್ನು ಬಿಟ್ಟು ಆ ವಯಸ್ಸಾದ ಪ್ರೊಫೆಸರ್ ಯಾಕೆ?

ಉತ್ತರ: (ಪುಸ್ತಕ ಓದದವರಿಗೆ: ಲಾರಿ ಅಂದರೆ ಇಲ್ಲಿ ಹುಡುಗನ ಹೆಸರು, ಗಾಡಿಯಲ್ಲ.) ಈ ಸಿಟ್ಟಿಗೆ ನೂರೈವತ್ತು ವರ್ಷ ದಾಟಿದೆ. ಕಾದಂಬರಿಯ ಮೊದಲ ಭಾಗ 1868ರಲ್ಲಿ ಬಂತು. ತಕ್ಷಣ ಹುಡುಗಿಯರಿಂದ ಪತ್ರಗಳೋ ಪತ್ರಗಳು, ಯಾರು ಯಾರನ್ನು ಮದುವೆಯಾಗುತ್ತಾರೆ ಅಂತ. ಹೆಣ್ಣಿನ ಬದುಕಿಗೆ ಇರುವುದು ಅದೊಂದೇ ಗುರಿ ಅನ್ನುವ ಹಾಗೆ ಕೇಳುತ್ತಾರಲ್ಲ ಅಂತ ಆಲ್ಕಾಟ್ ದಿನಚರಿಯಲ್ಲಿ ಗೊಣಗಿದ್ದಾರೆ. ಯಾರನ್ನು ಮೆಚ್ಚಿಸಲೂ ಜೋಯನ್ನು ಲಾರಿಗೆ ಕಟ್ಟುವುದಿಲ್ಲ ಅಂತಲೂ ಬರೆದುಕೊಂಡಿದ್ದಾರೆ. ಅವರಿಗೆ ಜೋ ಮದುವೆಯಾಗದೆ ಬರೆದುಕೊಂಡು ಇರಬೇಕಿತ್ತು, ತಮ್ಮ ಹಾಗೆಯೇ. ಒತ್ತಾಯ ಜಾಸ್ತಿಯಾದಾಗ 1869ರ ಎರಡನೇ ಭಾಗದಲ್ಲಿ ಬೇಕಂತಲೇ ಒಂದು ವಿಚಿತ್ರ ಜೋಡಿ ಮಾಡಿ, ತಗೊಳ್ಳಿ ಅಂತ ಕೊಟ್ಟರು. ಆ ಪ್ರೊಫೆಸರ್ ಭೇರ್ ಅಂದರೆ ಒಂಥರಾ ನಿಮಗೇ ಕೊಟ್ಟ ಉತ್ತರ.

ಇದು ಲೇಖಕಿಯ ಕಾರಣ. ಜೋಗೆ ಇದ್ದ ಕಾರಣ ಬೇರೆ, ಅದು ಮೆಗ್ ಮದುವೆಯ ಹೊತ್ತಿಗೇ ಇದೆ. ಅಕ್ಕನ ಮೇಲೆ ಯಾರಿಗೋ ಮನಸ್ಸಾಗಿದೆ ಅಂತ ಗೊತ್ತಾದಾಗ ಜೋ ಏನನ್ನುತ್ತಾಳೆ ನೆನಪಿದೆಯಾ? ನಾನೇ ಮೆಗ್‌ಳನ್ನು ಮದುವೆಯಾಗಿ ಮನೆಯಲ್ಲೇ ಉಳಿಸಿಕೊಳ್ಳುವ ಹಾಗಿದ್ದರೆ ಅಂತ! ಓದುವಾಗ ನಗು ಬರುತ್ತದೆ. ಅವಳಿಗೆ ಮಾತ್ರ ಅದು ತಮಾಷೆಯಲ್ಲ. ಯಾವ ಹುಡುಗ ಒಳ್ಳೆಯವನು ಅನ್ನುವುದು ಅವಳ ಚಿಂತೆಯೇ ಅಲ್ಲ. ನಾಲ್ಕು ಜನ ಒಂದೇ ಬೆಂಕಿಯ ಮುಂದೆ ಕೂತ ಆ ಮನೆ ಒಡೆದುಹೋಗುತ್ತಿದೆ, ಅದನ್ನು ತಡೆಯಲು ಆಗುತ್ತಿಲ್ಲ, ಅದೇ ಅವಳ ಸಂಕಟ. ಲಾರಿ ಪ್ರೀತಿ ಹೇಳಿಕೊಂಡಾಗ ಅವಳಿಗೆ ಕೇಳಿಸುವುದು ‘ನೀನೂ ಹೊರಡು’ ಅಂತ. ಹೆಪ್‌ಬರ್ನ್ ಈ ಭಯವನ್ನು ಹಿಡಿದ ಹಾಗೆ ಬೇರೆ ಯಾರೂ ಹಿಡಿದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 1994ರ ವಿನೋನಾ ರೈಡರ್ ಅಭಿಮಾನಿಗಳು ಜಗಳಕ್ಕೆ ಬರಬಹುದು, ಬನ್ನಿ.

2019ರಲ್ಲಿ ನಿರ್ದೇಶಕಿ ಗ್ರೆಟಾ ಗೆರ್ವಿಗ್ ಇದಕ್ಕೆ ಜಾಣತನದ ದಾರಿ ಹುಡುಕಿದರು. ಅಲ್ಲಿ ಜೋ ಪ್ರಕಾಶಕನ ಎದುರು ಕೂತು ಕಥಾನಾಯಕಿಗೆ ಮದುವೆ ಮಾಡಿಸಲು ಒಪ್ಪುತ್ತಾಳೆ, ಆದರೆ ಹಣದ ವಿಷಯದಲ್ಲಿ ಚೌಕಾಸಿ ಮಾಡಿ ಕಾಪಿರೈಟ್ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾಳೆ. ಆಲ್ಕಾಟ್ ಕೂಡ ನಿಜಕ್ಕೂ ಕಾಪಿರೈಟ್ ಬಿಟ್ಟುಕೊಟ್ಟಿರಲಿಲ್ಲ. ಇದು ನನಗೆ ಬಹಳ ಇಷ್ಟ. ಆದರೂ ಮಳೆಯಲ್ಲಿ ಛತ್ರಿ ಕೆಳಗಿನ ಹಳೇ ದೃಶ್ಯವನ್ನು ಹೀಗಳೆಯಲು ಮನಸ್ಸು ಬರುವುದಿಲ್ಲ. ನನ್ನ ಕೈ ಖಾಲಿ ಅನ್ನುತ್ತಾನೆ ಪ್ರೊಫೆಸರ್, ಅವಳು ತನ್ನ ಎರಡೂ ಕೈ ಅದರಲ್ಲಿ ಇಡುತ್ತಾಳೆ. ವಿಚಿತ್ರ ಜೋಡಿ ಅಂತ ಬೇಕಂತಲೇ ಮಾಡಿದವರೂ ಅಲ್ಲಿ ಕೊಂಚ ಕರಗಿದ್ದಾರೆ.

ಪ್ರಶ್ನೆ: ಅಕ್ಕ ಜೋ ಬರೆದ ಹಸ್ತಪ್ರತಿ ಸುಟ್ಟ ಏಮಿಯನ್ನು ನಾನಂತೂ ಕ್ಷಮಿಸಲ್ಲ. ನೀವು?

ಉತ್ತರ: ಬರೆಯುವ ಕೆಲಸದವನು ನಾನು, ನನ್ನನ್ನು ಕೇಳುತ್ತೀರಲ್ಲ! ಕ್ಷಮಿಸಲ್ಲ. ಆದರೆ ಏಮಿಯ ಹಿಂದೆ ಇದ್ದವಳು ಲೂಯಿಸಾಳ ನಿಜವಾದ ತಂಗಿ ಮೇ. ಇಂಗ್ಲಿಷಿನಲ್ಲಿ ಬರೆದು ನೋಡಿ, ‘ಮೇ’ ಅನ್ನುವುದರ ಅಕ್ಷರ ಆಚೀಚೆ ಮಾಡಿದರೆ ‘ಏಮಿ’. ಕಾದಂಬರಿಯ ಮೊದಲ ಮುದ್ರಣಕ್ಕೆ ಚಿತ್ರ ಬರೆದುಕೊಟ್ಟವಳೂ ಅವಳೇ. 1877ರಲ್ಲಿ ಅವಳ ಒಂದು ಚಿತ್ರ ಪ್ಯಾರಿಸ್ಸಿನ ಸಲೋನ್ ಕಲಾ ಪ್ರದರ್ಶನಕ್ಕೆ ಆಯ್ಕೆಯಾಯಿತು. 1879ರಲ್ಲಿ ಹೆರಿಗೆಯಾಗಿ ಕೆಲವೇ ವಾರಕ್ಕೆ ತೀರಿಕೊಂಡಳು. ಮಗುವಿಗೆ ಅಕ್ಕನ ಹೆಸರೇ ಇಟ್ಟಿದ್ದಳು, ಅದನ್ನು ಅಕ್ಕನಿಗೇ ಒಪ್ಪಿಸಿ ಅಂತ ಹೇಳಿದ್ದಳು. ಮದುವೆಯಾಗದ ಲೂಯಿಸಾ ಆ ಹುಡುಗಿಯನ್ನು ಸಾಕಿದರು. ಇದು ತಿಳಿದ ಮೇಲೆ ನನಗೆ ಏಮಿಯನ್ನು ಬೈಯುವುದು ಸ್ವಲ್ಪ ಕಷ್ಟ ಆಗಿದೆ.

ಪ್ರಶ್ನೆ: ಬೆತ್ ಸಾಯುವ ಭಾಗ ನೋಡಲು ಆಗಲ್ಲ. ಏನು ಮಾಡಲಿ?

ಉತ್ತರ: ಎದ್ದು ಹೋಗಿ, ತಪ್ಪೇನಿಲ್ಲ. ಅದೂ ನಡೆದದ್ದೇ. ಲೂಯಿಸಾಳ ತಂಗಿ ಲಿಜ್ಜೀ 1858ರಲ್ಲಿ, 22ಕ್ಕೇ ಹೋದಳು. ಕೊನೆಗೊಂದು ದಿನ ಸೂಜಿ ಭಾರ ಅಂತ ಹೊಲಿಗೆಯನ್ನು ಕೆಳಗಿಟ್ಟಳು. ಆ ಮಾತು ಹಾಗೇ ಪುಸ್ತಕದೊಳಗೆ ಬಂದಿದೆ. ನೋಡಲೇಬೇಕು ಅಂದರೆ 1933ರ ಚಿತ್ರದಲ್ಲಿ ಪಿಯಾನೋ ಬರುವ ಭಾಗ ನೋಡಿ. ಪಕ್ಕದ ಮನೆಯ ಮುದುಕನ ಹೆಸರು ಕೇಳಿದರೇ ನಡುಗುತ್ತಿದ್ದ ಹುಡುಗಿ, ಉಡುಗೊರೆ ನೋಡಿದವಳೇ ನೇರ ಅವರ ಮನೆಗೆ ನಡೆದು, ಹೇಳಬೇಕಾದ್ದೆಲ್ಲ ಮರೆತು, ಅವರ ಕೆನ್ನೆಗೆ ಒಂದು ಮುತ್ತು ಕೊಡುತ್ತಾಳೆ. ಬೇಕಾದರೆ ಅಲ್ಲಿಗೇ ನಿಲ್ಲಿಸಿಬಿಡಿ.