ಉಪ್ಪು ಹಾಕಿದಾಗ ಡೈಪರ್ ಜೆಲ್ ನೀರು ಬಿಡುವುದೇಕೆ?

ಡೈಪರ್ ಬಿಡಿಸಿ ತೆಗೆದ ಬಿಳಿ ಪುಡಿ ನೀರಿನಲ್ಲಿ ಉಬ್ಬಿ, ಉಪ್ಪು ಉದುರಿಸಿದೊಡನೆ ನೀರು ಬಿಟ್ಟದ್ದೇಕೆ ಎಂದು ಕೇಳಿದ್ದೀರಿ. ನಿಮ್ಮ ಪ್ರಯೋಗ ಬಹಳ ಒಳ್ಳೆಯದು. ಅದು ಈ ವಸ್ತುವಿನ ಗುಟ್ಟನ್ನೇ ತೋರಿಸಿದೆ.

ಆ ಪುಡಿ ಸೋಡಿಯಂ ಪಾಲಿಅಕ್ರಿಲೇಟ್. ಅದರ ಉದ್ದನೆಯ ಅಣುಸರಪಳಿಗಳ ಮೇಲೆ ಋಣ ಆವೇಶವಿರುವುದರಿಂದ, ನೀರು ತಾಗಿದಾಗ ಬಿಡುಗಡೆಯಾಗುವ ಸೋಡಿಯಂ ಅಯಾನುಗಳು (ಧನ ಆವೇಶವಿರುವ ಕಣಗಳು) ಆ ಸೆಳೆತಕ್ಕೆ ಸಿಲುಕಿ ಸರಪಳಿಗಳ ಜಾಲದೊಳಗೇ ಉಳಿಯುತ್ತವೆ. ಒಳಗಿನ ಈ ಅಯಾನು ಸಾಂದ್ರತೆಯೇ ಅಭಿಸರಣೆಯ (ಅಯಾನುಗಳು ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಸರಿಯುವುದು) ಮೂಲಕ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ, ಸರಪಳಿಗಳನ್ನು ಅಲ್ಲಲ್ಲಿ ಬೆಸೆದಿರುವ ಅಡ್ಡಕೊಂಡಿಗಳು ಜಾಲ ಕರಗಿಹೋಗದಂತೆ ತಡೆಯುತ್ತವೆ. ಹೊರಗೂ ಉಪ್ಪು ಸೇರಿದರೆ ಒಳಹೊರಗಿನ ಅಂತರ ಕುಗ್ಗಿ ನೀರು ಹಿಂದಿರುಗುತ್ತದೆ. ಆದ್ದರಿಂದಲೇ ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುವ ಈ ಪುಡಿ, ಲವಣಗಳಿರುವ ಮೂತ್ರವನ್ನು ಹತ್ತಾರು ಪಟ್ಟು ಮಾತ್ರ ಹೀರುತ್ತದೆ. ಆದರೂ ಹತ್ತಿಗಿಂತ ಇದು ಮೇಲು, ಏಕೆಂದರೆ ಮಗು ಕುಳಿತು ಒತ್ತಿದರೂ ಹೀರಿದ ದ್ರವವನ್ನು ಜೆಲ್ ಸುಲಭವಾಗಿ ಬಿಟ್ಟುಕೊಡುವುದಿಲ್ಲ.