ತಂಗಿ, ಕಾಕಾನ ರಿಪೋರ್ಟ್‌ನಿಂದ ಶುರು ಮಾಡಿ

ಪ್ರೀತಿಯ ತಂಗಿ, ನಮಸ್ಕಾರ.

ನೀವು ಕಳಿಸಿದ ‘ರಕ್ತದಲ್ಲಿ ಹರಿಯುವ ವಿಷ’ ಲೇಖನವನ್ನು ಎರಡು ಸಲ ಓದಿದೆ. ಹನ್ನೊಂದು ಪುಟ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ನೆ ಇರಲೂ ಮನಸ್ಸಾಗಲಿಲ್ಲ. ಯಾಕೆಂದರೆ ಏಳನೇ ಪುಟದಲ್ಲಿ ನಿಮ್ಮ ಕಾಕಾ ಬರುತ್ತಾರೆ. ತಿಕೋಟಾ ಕಡೆ ಬೇರೆಯವರ ದ್ರಾಕ್ಷಿ ಪಡದಲ್ಲಿ ಎಣ್ಣಿ, ಅಂದರೆ ಬೆಳೆಯ ಕೀಟ-ರೋಗದ ಔಷಧಿ, ಹೊಡೆಯುವ ಕೆಲಸ ಅವರದು. ಒಂದು ಸಂಜೆ ತಲೆ ತಿರುಗಿ ಬಿದ್ದರು, ವಿಜಯಪುರಕ್ಕೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿದಿರಿ, ಡಾಕ್ಟರು ರಿಪೋರ್ಟ್ ನೋಡಿ ‘ಎಲ್ಲಾ ನಾರ್ಮಲ್ ಐತಿ’ ಅಂದರು. ಇಷ್ಟು ನಾಲ್ಕೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಐದನೇ ಸಾಲಿಗೆ ನೀವು ಮತ್ತೆ ಮನುಕುಲ, ಕೈಗಾರಿಕಾ ಕ್ರಾಂತಿ ಅಂತ ಹೊರಟುಬಿಟ್ಟಿದ್ದೀರಿ. ನಾನು ಮಾತ್ರ ಕಾಕಾನ ಹತ್ತಿರವೇ ಉಳಿದೆ.

ಮೊದಲು ಭಾಷೆಯ ಮಾತು. ಒಂದನೇ ಪುಟದಲ್ಲೇ ‘ಪರಿಸರೀಯ ರಾಸಾಯನಿಕಗಳ ಆಂತರಿಕ ಒಡ್ಡಿಕೊಳ್ಳುವಿಕೆಯ ಮಾಪನ’ ಅಂತ ನಾಲ್ಕು ಕಡೆ ಇದೆ. ಇದನ್ನು ಕಾಕಾಗೆ ಓದಿ ಹೇಳಿದ್ದೀರಾ? ‘ಮೈಯೊಳಗೆ ಎಷ್ಟು ಸೇರಿದೆ ಅಂತ ಅಳೆಯುವುದು’ ಅಂದರೆ ಸಾಕು. ಅಳೆಯುವುದು ಯಾಕೆ ಅಂತಲೂ ಅಷ್ಟೇ ಸರಳವಾಗಿ ಹೇಳಬಹುದು. ಒಂದೇ ಪಡದಲ್ಲಿ ಒಬ್ಬ ಟ್ರ್ಯಾಕ್ಟರ್ ಮೇಲೆ ಕೂತು ಹೊಡೆಯುತ್ತಾನೆ, ಇನ್ನೊಬ್ಬ ಬರಿಗೈಯಲ್ಲಿ ಎಣ್ಣಿ ಕಲಸುತ್ತಾನೆ, ಮರುದಿನ ಹೆಣ್ಣುಮಕ್ಕಳು ಅದೇ ಎಲೆಗಳ ನಡುವೆ ಕೈ ಹಾಕಿ ಗೊನೆ ತಿದ್ದುತ್ತಾರೆ. ಗಾಳಿ ಒಂದೇ, ಎಣ್ಣಿ ಒಂದೇ, ಆದರೆ ಮೈಯೊಳಗೆ ಹೋಗುವ ಪ್ರಮಾಣ ಬೇರೆ ಬೇರೆ. ಚರ್ಮದಿಂದ ಎಷ್ಟು, ಉಸಿರಿನಿಂದ ಎಷ್ಟು, ಕೈ ತೊಳೆಯದೆ ರೊಟ್ಟಿ ಮುರಿದಾಗ ಎಷ್ಟು ಅಂತ ಹೊರಗಿನಿಂದ ಲೆಕ್ಕ ಹಾಕಲು ಆಗುವುದಿಲ್ಲ. ಅದಕ್ಕೇ ರಕ್ತ, ಮೂತ್ರ, ಕೂದಲು ನೋಡುತ್ತಾರೆ. ಎಲ್ಲ ದಾರಿಯಿಂದ ಬಂದದ್ದೂ ಅಲ್ಲಿ ಒಟ್ಟಿಗೆ ಸಿಗುತ್ತದೆ.

ಈಗ ಆ ರಿಪೋರ್ಟ್‌ಗೆ ಬರುತ್ತೇನೆ. ನೀವು ಸಿಟ್ಟಿನಲ್ಲಿ ‘ವೈದ್ಯಲೋಕದ ಕುರುಡುತನ’ ಅಂತ ಬರೆದಿದ್ದೀರಿ. ಆ ಸಾಲು ತೆಗೆಯಿರಿ. ಡಾಕ್ಟರು ಸುಳ್ಳು ಹೇಳಿಲ್ಲ. ನೀವೇ ಲಗತ್ತಿಸಿದ ಪ್ರತಿ ನನ್ನ ಮುಂದಿದೆ: ಸೀರಮ್ (ಅಂದರೆ ರಕ್ತದ ತಿಳಿ ಭಾಗ) ಕೋಲಿನ್‌ಎಸ್ಟರೇಸ್ 6,000, ಪಕ್ಕದಲ್ಲಿ ಲ್ಯಾಬಿನವರ ಮಿತಿ 5,300ರಿಂದ 12,900. ಅಂಕಿ ಮಿತಿಯೊಳಗೇ ಇದೆ. ಆದರೆ ಆ ಮಿತಿ ಎಷ್ಟು ಅಗಲ ಇದೆ ನೋಡಿ. ತಂಗಿ, ನಿಮ್ಮ ಲೇಖನ ಹುಟ್ಟಬೇಕಾದ ಜಾಗ ಇದೇ.

ನಮ್ಮ ನರಗಳು ಸ್ನಾಯುಗಳಿಗೆ ಸಂದೇಶ ಕೊಡುವುದು ಅಸಿಟೈಲ್‌ಕೋಲಿನ್ ಅನ್ನುವ ವಸ್ತುವಿನಿಂದ. ಕೆಲಸ ಮುಗಿದ ಕೂಡಲೇ ಅದನ್ನು ಒಡೆದು ಹಾಕುವ ಕಿಣ್ವ ಕೋಲಿನ್‌ಎಸ್ಟರೇಸ್. ಆರ್ಗನೊಫಾಸ್ಫೇಟ್ ಮತ್ತು ಕಾರ್ಬಮೇಟ್ ಜಾತಿಯ ಕೀಟನಾಶಕಗಳು ಈ ಕಿಣ್ವವನ್ನೇ ಹಿಡಿದು ಕಟ್ಟಿಹಾಕುತ್ತವೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಬೆವರು, ಜೊಲ್ಲು, ಹೊಟ್ಟೆ ತೊಳಸುವುದು, ತಲೆ ತಿರುಗುವುದು, ಮೈ ನಡುಗುವುದು ಎಲ್ಲ ಅದರಿಂದಲೇ. ಹಾಗಾಗಿ ರಕ್ತದಲ್ಲಿ ಈ ಕಿಣ್ವದ ಬಲ ಎಷ್ಟು ಇಳಿದಿದೆ ಅಂತ ನೋಡಿದರೆ ಎಣ್ಣಿ ಮೈಯೊಳಗೆ ಏನು ಮಾಡಿದೆ ಅನ್ನುವುದರ ಸುಳಿವು ಸಿಗುತ್ತದೆ. ಎಷ್ಟು ‘ಇದೆ’ ಅಂತ ಅಲ್ಲ, ಎಷ್ಟು ‘ಇಳಿದಿದೆ’ ಅಂತ. ಒಬ್ಬರಿಂದ ಒಬ್ಬರಿಗೆ ಈ ಅಂಕಿ ಹುಟ್ಟಾ ಬೇರೆ ಇರುತ್ತದೆ. ಸೀಸನ್ ಶುರುವಾಗುವ ಮೊದಲು ಕಾಕಾನ ಅಂಕಿ 6,500 ಇದ್ದಿದ್ದರೆ ಈಗಿನ 6,000 ಅಂಥ ಹೆದರುವ ವಿಷಯ ಅಲ್ಲ. 10,000 ಇದ್ದಿದ್ದರೆ? ಆಗ ನೂರಕ್ಕೆ ನಲವತ್ತು ಹೋಗಿದೆ, ಆದರೂ ರಿಪೋರ್ಟ್‌ನಲ್ಲಿ ನಾರ್ಮಲ್. ಎರಡರಲ್ಲಿ ಯಾವುದು ನಿಜ ಅಂತ ಆ ಡಾಕ್ಟರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಮೊದಲಿನ ಅಂಕಿಯನ್ನು ಯಾರೂ ತೆಗೆದಿಟ್ಟಿರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅದೂ ದ್ರಾಕ್ಷಿಯ ನಾಡೇ, 1974ರಿಂದ ಇದಕ್ಕೆ ಕಾನೂನಿದೆ. ಈ ಜಾತಿಯ ಕೀಟನಾಶಕ ಬಳಸುವ ಕೆಲಸಗಾರರ ರಕ್ತವನ್ನು ಎಣ್ಣಿ ಮುಟ್ಟದೆ ಇದ್ದ ದಿನಗಳಲ್ಲಿ ತೆಗೆದು ಮೊದಲ ಅಂಕಿ ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಸೀಸನ್‌ನಲ್ಲಿ ಮತ್ತೆ ಮತ್ತೆ ನೋಡುತ್ತಾರೆ. ಅವರದೇ ಮೊದಲ ಅಂಕಿಯ ನೂರಕ್ಕೆ 80ಕ್ಕಿಂತ ಕೆಳಗೆ ಬಂದರೆ ಕೆಲಸದಲ್ಲಿ ಎಲ್ಲಿ ತಪ್ಪಾಗುತ್ತಿದೆ ಅಂತ ಹುಡುಕಬೇಕು. ಕೆಂಪು ರಕ್ತಕಣದ ಕಿಣ್ವ 70ಕ್ಕೆ ಅಥವಾ ಸೀರಮ್ ಕಿಣ್ವ 60ಕ್ಕೆ ಇಳಿದರೆ ಆ ಮನುಷ್ಯನನ್ನು ಆ ಕೆಲಸದಿಂದ ದೂರ ಇಡಲೇಬೇಕು, ಮತ್ತೆ 80ಕ್ಕೆ ಏರುವ ತನಕ. ಕಾಕಾನ ಮೊದಲ ಅಂಕಿ 10,000 ಇದ್ದಿದ್ದರೆ ಅಲ್ಲಿ ಅವರನ್ನು ಅಂದೇ ಪಡದಿಂದ ಹೊರಗೆ ಕಳಿಸುತ್ತಿದ್ದರು. ಇಲ್ಲಿ ಮರುದಿನ ಮತ್ತೆ ಪಂಪು ಹೊತ್ತರು ಅಂತ ನೀವೇ ಬರೆದಿದ್ದೀರಿ.

ನಮ್ಮಲ್ಲಿ ಕಾನೂನೇ ಇಲ್ಲ ಅಂತ ಹತ್ತನೇ ಪುಟದಲ್ಲಿ ಹೇಳಿದ್ದೀರಿ, ಅದು ತಪ್ಪು. 1971ರ ಕೀಟನಾಶಕ ನಿಯಮಗಳನ್ನು ತೆಗೆದು ನೋಡಿ, 37ನೇ ನಿಯಮ. ಕೀಟನಾಶಕ ತಯಾರಿಸುವ, ಸಿಂಪಡಿಸುವ ಕೆಲಸದವರಿಗೆ ವೈದ್ಯಕೀಯ ತಪಾಸಣೆ ಆಗಬೇಕು ಅಂತ ಅಲ್ಲಿದೆ. ಕೋಲಿನ್‌ಎಸ್ಟರೇಸ್ ಅಳೆಯುವ ಮಾತೂ ಇದೆ. ಕೂಲಿಗೆ ಪಂಪು ಹೊರುವ ಕಾಕಾನ ತನಕ ಅದು ಬಂದಿದೆಯಾ ಅಂತ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ. ಅವರು ಕೊಟ್ಟ ಉತ್ತರವನ್ನು ಹಾಗೇ ಬರೆಯಿರಿ.

ಇನ್ನೊಂದು ಕಡೆ ನೀವು ಎಡವಿದ್ದೀರಿ. ಕೋಲಿನ್‌ಎಸ್ಟರೇಸ್ ಒಂದೇ ಪರೀಕ್ಷೆಯಿಂದ ಎಲ್ಲ ಎಣ್ಣಿಯೂ ಗೊತ್ತಾಗುತ್ತದೆ ಅನ್ನುವ ಹಾಗೆ ಬರೆದಿದ್ದೀರಿ. ದ್ರಾಕ್ಷಿಗೆ ಜಾಸ್ತಿ ಹೊಡೆಯುವುದು ಡೌನಿ, ಬೂದಿ ರೋಗಗಳ ಔಷಧಿ, ಅಂದರೆ ಶಿಲೀಂಧ್ರನಾಶಕ. ಅವುಗಳಲ್ಲಿ ಬಹಳಷ್ಟು ಈ ಕಿಣ್ವದ ತಂಟೆಗೆ ಹೋಗುವುದಿಲ್ಲ. ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಮೈಯೊಳಗೆ ಹೋಗಿದೆಯಾ ಅಂತ ತಿಳಿಯಬೇಕಾದರೆ, ಅದು ಒಡೆದಾಗ ಹುಟ್ಟುವ ಎಥಿಲೀನ್‌ಥಯೋಯೂರಿಯಾವನ್ನು ಮೂತ್ರದಲ್ಲಿ ಹುಡುಕಬೇಕು. ಯಾವುದು ಹೊಡೆದಿದ್ದಾರೆ ಅನ್ನುವುದರ ಮೇಲೆ ಯಾವುದನ್ನು ಹುಡುಕಬೇಕು ಅನ್ನುವುದು ನಿಂತಿದೆ. ಜೊತೆಗೆ, ಸೀರಮ್ ಕೋಲಿನ್‌ಎಸ್ಟರೇಸ್ ಲಿವರ್ ಕೆಟ್ಟಾಗಲೂ ಇಳಿಯುತ್ತದೆ, ಹೊಟ್ಟೆಗೆ ಸರಿಯಾಗಿ ಬೀಳದಿದ್ದಾಗಲೂ ಇಳಿಯುತ್ತದೆ. ಹಾಗಾಗಿ ಕಾಕಾ ಆ ವಾರ ಏನೇನು ಹೊಡೆದರು ಅನ್ನುವ ಪಟ್ಟಿ ಇಲ್ಲದೆ ಈ ಲೇಖನ ನಿಲ್ಲುವುದಿಲ್ಲ. ರಫ್ತು ಮಾಡುವ ಪಡಗಳಲ್ಲಿ ಹೊಡೆದ ಔಷಧಿಯ ಲೆಕ್ಕ ಬರೆದಿಟ್ಟಿರುತ್ತಾರೆ. ಈ ಪಡದಲ್ಲಿ ಅದಿಲ್ಲದಿದ್ದರೆ ಖಾಲಿ ಡಬ್ಬಿಗಳ ಮೇಲಿನ ಚೀಟಿ ಫೋಟೋ ಹೊಡೆದು ತನ್ನಿ.

ಎಂಟನೇ ಪುಟದ ನಿಮ್ಮ ಗೆಳತಿಯ ಮೂತ್ರ ಪರೀಕ್ಷೆಯ ವಿಷಯ. ಏನೂ ಸಿಗಲಿಲ್ಲ, ಇದು ಲ್ಯಾಬಿನ ಮೋಸ ಅಂತ ಬರೆದಿದ್ದೀರಿ. ಎಣ್ಣಿ ಹೊಡೆದ ಎಂಟನೇ ದಿನ ಸ್ಯಾಂಪಲ್ ಕೊಟ್ಟಿದ್ದಾರೆ, ಅಲ್ವಾ? ಆರ್ಗನೊಫಾಸ್ಫೇಟ್ ಒಡೆದು ಮೂತ್ರದಲ್ಲಿ ಹೋಗುವುದು ಹೆಚ್ಚಾಗಿ ಒಂದೆರಡು ದಿನದಲ್ಲೇ. ಸಿಯಾಟಲ್‌ನಲ್ಲಿ 23 ಶಾಲಾ ಮಕ್ಕಳಿಗೆ ಐದು ದಿನ ಸಾವಯವ ಊಟ ಕೊಟ್ಟು ನೋಡಿದ ಒಂದು ಅಧ್ಯಯನವಿದೆ, 2006ರಲ್ಲಿ ಪ್ರಕಟವಾಯಿತು. ಆ ಐದು ದಿನಗಳಲ್ಲಿ ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ಅನ್ನುವ ಆರ್ಗನೊಫಾಸ್ಫೇಟ್‌ಗಳ ಕುರುಹುಗಳು ಮಕ್ಕಳ ಮೂತ್ರದಲ್ಲಿ ಹೆಚ್ಚುಕಡಿಮೆ ಮಾಯವಾದವು, ಮಾಮೂಲಿ ಊಟ ಶುರುವಾದ ಕೂಡಲೇ ಮತ್ತೆ ಬಂದವು. ಅಷ್ಟು ಬೇಗ ಬಂದು ಹೋಗುವ ವಸ್ತು ಅದು. ಸೀಸ ಹಾಗಲ್ಲ. ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು, ಮೂಳೆಯೊಳಗೆ ಸೇರಿದರೆ ದಶಕಗಟ್ಟಲೆ. ಯಾವುದನ್ನು ಯಾವಾಗ ಅಳೆದಿರಿ ಅಂತ ಹೇಳದೆ ‘ಸಿಗಲಿಲ್ಲ’ ಅಂದರೆ ಅದಕ್ಕೆ ಅರ್ಥವೇ ಇಲ್ಲ.

ಸೀಸದ ಮಾತು ಬಂತು, ಹೇಳಿಬಿಡುತ್ತೇನೆ. ‘ಪಾಶ್ಚಾತ್ಯ ದೇಶಗಳಲ್ಲಿ ಈ ಕುರಿತು ಜಾಗೃತಿಯಿದೆ’ ಅನ್ನುವ ನಿಮ್ಮ ಪ್ಯಾರಾದಲ್ಲಿ ಓದುಗನಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಅದರ ಬದಲು ಈ ಕತೆ ಹೇಳಿ. ಅಮೆರಿಕದಲ್ಲಿ 1976ರಿಂದ 1980ರವರೆಗೆ ದೇಶದುದ್ದಕ್ಕೂ ಸಾಮಾನ್ಯ ಜನರ ರಕ್ತ ತೆಗೆದು ಸೀಸ ಅಳೆದರು. ಸರಾಸರಿ ಒಂದು ಡೆಸಿಲೀಟರ್‌ಗೆ 14.6 ಮೈಕ್ರೋಗ್ರಾಂ ಇದ್ದದ್ದು 9.2ಕ್ಕೆ ಇಳಿದಿತ್ತು. ಅದೇ ವರ್ಷಗಳಲ್ಲಿ ಪೆಟ್ರೋಲಿನಲ್ಲಿ ಬಳಸುವ ಸೀಸವೂ ಇಳಿಯುತ್ತಾ ಬಂದಿತ್ತು. ಎರಡೂ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದು ನೋಡಿದರೆ ಜೊತೆಜೊತೆಗೆ ಇಳಿದಿವೆ. ಪೆಟ್ರೋಲಿನ ಸೀಸ ಜನರ ರಕ್ತಕ್ಕೆ ಬರುತ್ತಿದೆಯೋ ಇಲ್ಲವೋ ಅನ್ನುವ ಜಗಳಕ್ಕೆ ಜನರ ರಕ್ತವೇ ಉತ್ತರ ಕೊಟ್ಟಿತು. 1985ರಲ್ಲಿ ಅಲ್ಲಿನ ಸರ್ಕಾರ ಪೆಟ್ರೋಲಿನ ಸೀಸವನ್ನು ಇನ್ನೂ ಬಿಗಿಯಾಗಿ ಕಡಿತ ಮಾಡಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೂ ಮೊದಲು ಬೆಂಗಳೂರೂ ಸೇರಿ ನಮ್ಮ ನಗರಗಳ ಮಕ್ಕಳ ರಕ್ತದಲ್ಲಿ ಸೀಸ ಅಳೆದವರಿದ್ದಾರೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರ ಕೆಲಸದ ಬಗ್ಗೆ ಓದಿ. ಅಳೆದದ್ದರಿಂದ ಏನು ಬದಲಾಯಿತು ಅಂತ ತೋರಿಸಿದರೆ ಓದುಗರಿಗೆ ಅಳೆಯುವುದರ ಬೆಲೆ ತಾನಾಗಿ ತಿಳಿಯುತ್ತದೆ.

ತಾಯಿಯ ಹಾಲಿನ ಪ್ಯಾರಾವನ್ನು ಮಾತ್ರ ನಾನು ಪೂರ್ತಿ ಹೊಡೆದು ಹಾಕಿದ್ದೇನೆ. ‘ಅಮೃತವೂ ವಿಷವಾಗಿದೆ’ ಅಂತ ಬರೆದಿದ್ದೀರಿ. ಅದನ್ನು ಓದಿ ಬಬಲೇಶ್ವರದಲ್ಲೋ ಇಂಡಿಯಲ್ಲೋ ಒಬ್ಬ ಬಾಣಂತಿ ಕೂಸಿಗೆ ಹಾಲು ಕೊಡುವುದನ್ನು ಬಿಟ್ಟರೆ ನೀವೂ ನಾನೂ ಏನು ಹೇಳುತ್ತೇವೆ? ಡಿಡಿಟಿಯಂಥ ವಸ್ತುಗಳು ಕೊಬ್ಬಿನಲ್ಲಿ ಉಳಿಯುತ್ತವೆ, ಹಾಲಿನಲ್ಲಿ ಕೊಬ್ಬಿದೆ, ಸೂಜಿ ಚುಚ್ಚದೆ ಸ್ಯಾಂಪಲ್ ಸಿಗುತ್ತದೆ. ಹಾಲನ್ನು ಪರೀಕ್ಷಿಸುವುದು ಇದಕ್ಕೆ. ಹಾಗೆ ಪರೀಕ್ಷಿಸುವ ವಿಶ್ವ ಆರೋಗ್ಯ ಸಂಸ್ಥೆಯೇ ಎದೆಹಾಲು ಕೊಡಿ ಅಂತ ಹೇಳುತ್ತದೆ. ಸ್ವೀಡನ್ನಿನಲ್ಲಿ ಡಿಡಿಟಿ ನಿಷೇಧವಾದ ಮೇಲೆ ತಾಯಂದಿರ ಹಾಲಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ಇಳಿದದ್ದನ್ನೂ ಇದೇ ರೀತಿ ಅಳೆದೇ ಕಂಡುಕೊಂಡರು. ಇವತ್ತಿನ ಯಂತ್ರಗಳು ನೂರು ಕೋಟಿಯಲ್ಲಿ ಒಂದು ಪಾಲು ಇದ್ದರೂ ಹಿಡಿಯುತ್ತವೆ. ‘ಸಿಕ್ಕಿತು’ ಅನ್ನುವುದು ಒಂದು ಮಾತು, ‘ರೋಗ ತಂದಿತು’ ಅನ್ನುವುದು ಇನ್ನೊಂದು. ಹಾಗಂತ ಎಲ್ಲವನ್ನೂ ಹಗುರ ಮಾಡಲೂ ಬೇಡಿ. ಮಕ್ಕಳ ರಕ್ತದ ಸೀಸಕ್ಕೆ ಇಷ್ಟರೊಳಗಿದ್ದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ. ಒಂದೊಂದು ವಸ್ತುವಿಗೆ ಒಂದೊಂದು ಲೆಕ್ಕ, ಅದನ್ನು ಬಿಡಿಸಿ ಬರೆಯಿರಿ.

ನಾನೂ ಇದರಲ್ಲಿ ಪೆಟ್ಟು ತಿಂದಿದ್ದೇನೆ. ಕೆಲವು ವರ್ಷಗಳ ಹಿಂದೆ ಹುನಗುಂದ ಕಡೆಯ ಒಂದು ಊರಿನ ಫ್ಲೋರೈಡ್ ಬಗ್ಗೆ ಬರೆದೆ. ಬೋರ್‌ವೆಲ್ ನೀರಿನ ಅಂಕಿ ಕೊಟ್ಟೆ, ಮಕ್ಕಳ ಹಲ್ಲಿನ ಕಲೆ ವರ್ಣಿಸಿದೆ, ಎರಡನ್ನೂ ಸೇರಿಸಿ ಈ ಮಕ್ಕಳು ಇವತ್ತಿಗೂ ಅದೇ ನೀರು ಕುಡಿಯುತ್ತಿದ್ದಾರೆ ಅಂತ ಬರೆದುಬಿಟ್ಟೆ. ಅಲ್ಲಿನ ಮೇಷ್ಟ್ರು ಫೋನ್ ಮಾಡಿ, ಮೂರು ವರ್ಷದಿಂದ ಕುಡಿಯಲು ಬೇರೆ ನೀರು ಬರುತ್ತಿದೆ ಅಂದರು. ಹಲ್ಲಿನ ಕಲೆ ಆಗುವುದು ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ. ಅದು ಹಳೆಯ ಲೆಕ್ಕ. ಈಗ ಎಷ್ಟು ಒಳಗೆ ಹೋಗುತ್ತಿದೆ ಅಂತ ಹೇಳುವುದು ಮೂತ್ರದಲ್ಲಿರುವ ಫ್ಲೋರೈಡ್. ಅದನ್ನು ಯಾರಾದರೂ ಅಳೆದಿದ್ದಾರಾ ಅಂತ ನಾನು ವಿಚಾರಿಸಲೇ ಇಲ್ಲ. ಊರಿನವರು ಕಷ್ಟಪಟ್ಟು ತಂದ ನೀರನ್ನು ನನ್ನ ಬರಹ ಅಳಿಸಿಹಾಕಿತ್ತು, ಅದು ಇವತ್ತಿಗೂ ಚುಚ್ಚುತ್ತದೆ.

ಕಾಕಾನ ಹೆಸರು, ಊರು, ಪಡದ ಯಜಮಾನರ ಹೆಸರು ಎಲ್ಲ ಹಾಕಿದ್ದೀರಿ. ಅವರನ್ನು ಕೇಳಿದಿರಾ? ರಿಪೋರ್ಟ್ ಅವರದು, ನಿಮ್ಮದಲ್ಲ. ಇದು ಅಚ್ಚಾದ ಮೇಲೆ ಮುಂದಿನ ಸೀಸನ್‌ಗೆ ಅವರನ್ನು ಕೆಲಸಕ್ಕೆ ಕರೆಯದಿದ್ದರೆ ಮನೆ ನಡೆಸುವವರು ಯಾರು? ಎಲ್ಲವನ್ನೂ ಕೂತು ಹೇಳಿ, ಒಪ್ಪಿದರೆ ಹೆಸರಿಲ್ಲದೆ ಬರೆಯಿರಿ. ಒಪ್ಪದಿದ್ದರೆ ಬಿಟ್ಟುಬಿಡಿ, ಬೇರೆ ದಾರಿ ಹುಡುಕೋಣ. ಕೊನೆಯ ಪುಟದ ‘ದೇಹಶುದ್ಧಿ ಕಷಾಯ’ ಪೂರ್ತಿ ಹೋಗಬೇಕು. ಕೈಗವಸು, ಉದ್ದ ತೋಳಿನ ಬಟ್ಟೆ, ಗಾಳಿಗೆ ಬೆನ್ನು ಕೊಟ್ಟು ಹೊಡೆಯುವುದು, ಮನೆಗೆ ಬಂದ ಕೂಡಲೇ ಸ್ನಾನ, ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯದಿರುವುದು, ಇವನ್ನು ಬರೆಯಿರಿ.

ಒಂಬತ್ತನೇ ಪುಟದಲ್ಲಿ ಒಂದು ಸಾಲು ಇದೆ: ‘ಯುರೋಪಿಗೆ ಹೋಗುವ ದ್ರಾಕ್ಷಿಯನ್ನು ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಎಣ್ಣಿ ಹೊಡೆದವನನ್ನು ಯಾರೂ ಮಾಡುವುದಿಲ್ಲ.’ ಇಡೀ ಲೇಖನದಲ್ಲಿ ನನಗೆ ಬಹಳ ಹಿಡಿಸಿದ ಸಾಲು. ಅದಕ್ಕೆ ಬಲ ಕೊಡಿ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಅನ್ನುವ ಬೆಳವಣಿಗೆ ನಿಯಂತ್ರಕದ ಉಳಿಕೆ ಸಿಕ್ಕಿತು ಅಂತ ನಮ್ಮ ದೇಶದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕಾರವಾಗಿ ರಫ್ತುದಾರರು ದೊಡ್ಡ ನಷ್ಟ ಅನುಭವಿಸಿದರು. ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೆಡಾದವರ ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ಯಾವ ಪೆಟ್ಟಿಗೆ ಯಾವ ಪಡದ್ದು ಅಂತ ಹುಡುಕಿ ತೆಗೆಯಬಹುದು. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಉಳಿಕೆ ಪರೀಕ್ಷೆಗಳ ಮೇಲೆ ಕಣ್ಣಿಟ್ಟಿದೆ. ಹಣ್ಣಿಗೆ ಇಷ್ಟು ಅಚ್ಚುಕಟ್ಟಾದ ದಾಖಲೆ ಇಡಲು ನಮಗೆ ಬರುತ್ತದೆ ಅಂತಾಯಿತು. ಅದನ್ನೇ ಮನುಷ್ಯನಿಗೆ ಮಾಡಿ ಅಂತ ಕೇಳುವ ಲೇಖನ ಬರೆಯಿರಿ.

ಅಕ್ಟೋಬರ್ ಚಾಟ್ನಿಗೆ, ಅಂದರೆ ದ್ರಾಕ್ಷಿ ಬಳ್ಳಿ ಸವರುವುದಕ್ಕೆ, ಇನ್ನೂ ಎರಡು ತಿಂಗಳಿದೆ. ಪಡದಲ್ಲಿ ಎಣ್ಣಿ ಹೊಡೆಯುವುದು ನಿಂತು ಒಂದು ತಿಂಗಳಾದ ಮೇಲೆ, ಚಾಟ್ನಿ ಶುರುವಾಗುವ ಮುಂಚೆ, ಕಾಕಾ ಒಪ್ಪಿದರೆ ಅದೇ ಲ್ಯಾಬಿಗೆ ಕರೆದುಕೊಂಡು ಹೋಗಿ ಅದೇ ಪರೀಕ್ಷೆ ಮಾಡಿಸಿ. ಬೇರೆ ಲ್ಯಾಬ್ ಬೇಡ, ವಿಧಾನ ಬದಲಾದರೆ ಅಂಕಿ ಹೋಲಿಸಲು ಬರುವುದಿಲ್ಲ. ಖರ್ಚಿನ ಬಗ್ಗೆ ಯೋಚನೆ ಮಾಡಬೇಡಿ, ಪತ್ರಿಕೆಯಿಂದ ಕೊಡುತ್ತೇನೆ. ಈಗಿರುವ ರಿಪೋರ್ಟ್ ಎಸೆಯಬೇಡಿ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕಾಕಾನ ಟ್ರಂಕಿನಲ್ಲೇ ಇಡಿ. ಹೊಸ ಅಂಕಿ ಬಂದ ದಿನ, ಎಷ್ಟೇ ಇರಲಿ, ಮೊದಲು ಅವರಿಗೆ ಓದಿ ಹೇಳಿ, ಆಮೇಲೆ ನನಗೆ ಫೋನ್ ಮಾಡಿ.