ಕೇಳಿ, ಹೇಳುತ್ತೇನೆ: ಸೈಪ್ರಸ್‌ನ ಪಾಲು ಪಾರಿಕತ್ತು

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು, ‘ನಿಮಗೆ ಗೊತ್ತಿರುವ ಪಾಲು ವ್ಯಾಜ್ಯಗಳಲ್ಲಿ ಅತಿ ಮೊಂಡು ವ್ಯಾಜ್ಯ ಯಾವುದು?’ ಎಂದು ತಮಾಷೆಗೆ ಕೇಳಿದ್ದರು. ‘ಸೈಪ್ರಸ್ ದ್ವೀಪದ್ದು. ನಾನು ಬದುಕಿರುವಾಗ ತೀರುವುದಿಲ್ಲ’ ಎಂದು ಒಂದೇ ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ಅದೇ ತಪ್ಪಾಯಿತು. ಕಾಗದಗಳ ಮೇಲೆ ಕಾಗದ. ಕೋಲಾರದ ಸಿವಿಲ್ ಕೋರ್ಟಿನಲ್ಲಿ ಮೂವತ್ತೈದು ವರ್ಷ ವಕೀಲಿ ಮಾಡಿದವನಿಗೆ ಭೂಮಧ್ಯ ಸಮುದ್ರದ ಉಸಾಬರಿ ಏಕೆ ಎಂದು ಒಬ್ಬರು ಗದರಿಸಿಯೂ ಇದ್ದಾರೆ. ಸಂಪಾದಕರು ಈ ಬಾರಿ ಪುಟವನ್ನೆಲ್ಲ ಇದಕ್ಕೇ ಬಿಟ್ಟುಕೊಟ್ಟಿದ್ದಾರೆ. ಪೋಡಿ, ಖಾತೆ, ಪಹಣಿಯ ಪ್ರಶ್ನೆಗಳವರು ಮುಂದಿನ ಸಂಚಿಕೆಯವರೆಗೆ ತಾಳ್ಮೆ ವಹಿಸಬೇಕು.

*ಅಲ್ಲಿನ ಜಗಳವಾದರೂ ಏನು? ಚಿಕ್ಕದಾಗಿ ಹೇಳಿ.*
— ಓದುಗರೊಬ್ಬರು, ಗೌರಿಬಿದನೂರು

ನಮ್ಮ ಅವಿಭಜಿತ ಕೋಲಾರ ಜಿಲ್ಲೆಗಿಂತ ತುಸು ದೊಡ್ಡ ದ್ವೀಪ ಅದು. 2007ರಲ್ಲಿ ನಮ್ಮ ಜಿಲ್ಲೆಯೂ ಎರಡಾಯಿತು. ಆದರೆ ಇಲ್ಲಿ ಗಡಿ ದಾಟಿದ್ದು ಕಡತಗಳು ಮಾತ್ರ, ಜನರು ಇದ್ದಲ್ಲೇ ಇದ್ದರು. ಅಲ್ಲಿ ಹಾಗಾಗಲಿಲ್ಲ.

1960ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಬಂದಾಗ ಗ್ರೀಕ್ ಮಾತಿನವರು ಬಹುಸಂಖ್ಯಾತರು, ಟರ್ಕಿಶ್ ಮಾತಿನವರು ಶೇ 18ರಷ್ಟು. ಸಂವಿಧಾನದಲ್ಲಿ ಗ್ರೀಕ್ ಅಧ್ಯಕ್ಷ, ತಡೆಯಧಿಕಾರವುಳ್ಳ ಟರ್ಕಿಶ್ ಉಪಾಧ್ಯಕ್ಷ, ಸರ್ಕಾರಿ ನೌಕರಿಯಲ್ಲಿ 70:30ರ ಪಾಲು. ಬ್ರಿಟನ್, ಗ್ರೀಸ್, ಟರ್ಕಿ ಮೂರೂ ಜಾಮೀನುದಾರರು. ಈ ಏರ್ಪಾಡು ಮೂರು ವರ್ಷ ಬಾಳಿತು. 1963ರ ಡಿಸೆಂಬರಿನಲ್ಲಿ ರಕ್ತ ಹರಿದಾಗ ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದ. ಮರುವರ್ಷ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು. ಇಂದಿಗೂ ಅಲ್ಲೇ ಇದೆ.

1974ರ ಜುಲೈ 15ರಂದು, ಗ್ರೀಸಿನ ಸೇನಾಡಳಿತದ ಚಿತಾವಣೆಯಿಂದ ಅಧ್ಯಕ್ಷ ಮಕಾರಿಯೋಸರ ವಿರುದ್ಧ ದಂಗೆ ನಡೆಯಿತು. ಐದೇ ದಿನಗಳಲ್ಲಿ ಟರ್ಕಿಯ ಸೇನೆ ಉತ್ತರ ತೀರದಲ್ಲಿ ಇಳಿಯಿತು. ಆಗಸ್ಟಿನ ಹೊತ್ತಿಗೆ ದ್ವೀಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಅದರ ಕೈಯಲ್ಲಿತ್ತು. ಗ್ರೀಕರು ದಕ್ಷಿಣಕ್ಕೆ, ಟರ್ಕರು ಉತ್ತರಕ್ಕೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿದರು. ಹಸಿರು ಗೆರೆ ಈಗ 180 ಕಿಲೋಮೀಟರ್ ಉದ್ದದ ನಿಷಿದ್ಧ ಪಟ್ಟಿ. 1983ರಲ್ಲಿ ಉತ್ತರದವರು ಬೇರೆ ದೇಶವೆಂದು ಸಾರಿಕೊಂಡರು. ಟರ್ಕಿಯೊಂದನ್ನು ಬಿಟ್ಟು ಯಾರೂ ಒಪ್ಪಿಲ್ಲ.

*ನಮ್ಮಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಜಗಳವಿಲ್ಲ. ಎರಡು ಮಾತಿನವರು ಅಲ್ಲೇಕೆ ಕೂಡಿ ಬಾಳಲಿಲ್ಲ?*
— ಶಿಕ್ಷಕಿಯೊಬ್ಬರು, ಬಾಗೇಪಲ್ಲಿ

ಬಾಳಿದ್ದರು ತಾಯಿ. ಎರಡೂ ಕಡೆಯವರು ಬೆರೆತಿದ್ದ ಊರುಗಳು ಬಹಳ ಇದ್ದವು. ನಿಷಿದ್ಧ ಪಟ್ಟಿಯೊಳಗಿನ ಪೀಲಾ ಎಂಬ ಹಳ್ಳಿಯಲ್ಲಿ ಇಂದಿಗೂ ಹಾಗೆಯೇ ಇದ್ದಾರೆ. ಒಂದು ಗುಂಪಿಗೆ ಇಡೀ ದ್ವೀಪವನ್ನು ಗ್ರೀಸಿಗೆ ಸೇರಿಸಬೇಕಿತ್ತು, ಇನ್ನೊಂದು ಗುಂಪಿಗೆ ಸೀಳಬೇಕಿತ್ತು. ಎರಡಕ್ಕೂ ಬಂದೂಕು ಹಿಡಿದ ಪಡೆಗಳಿದ್ದವು. ಅದಕ್ಕೆ ಭಾಷೆಯನ್ನು ದೂರಬೇಡಿ.

*ಅರ್ಧ ಶತಮಾನದಿಂದ ಮಾತುಕತೆ ನಡೆಯುತ್ತಿದೆ. ಪರಿಹಾರ ಹೇಗಿರಬೇಕೆಂಬುದೂ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು ಎನ್ನುತ್ತಾರೆ. ಮತ್ತೆ ಏಕೆ ತೀರುವುದಿಲ್ಲ?*
— ಕಾನೂನು ವಿದ್ಯಾರ್ಥಿ, ತುಮಕೂರು

ನಿಮ್ಮ ಪ್ರಶ್ನೆಗೆ ಪುಸ್ತಕದಿಂದ ಉತ್ತರಿಸುವ ಮೊದಲು ಒಂದು ಮಾವಿನ ತೋಪಿಗೆ ಕರೆದುಕೊಂಡು ಹೋಗುತ್ತೇನೆ.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಅಣ್ಣ ತಮ್ಮಂದಿರ ನಡುವೆ ಐದು ಎಕರೆ ತೋಪು, ಒಂದು ಬಾವಿ. 1981ರಲ್ಲಿ ನಾನು ತಮ್ಮನ ಪರ ವಕಾಲತ್ತು ಹಾಕಿದೆ. ನ್ಯಾಯಾಲಯ ಯಥಾಸ್ಥಿತಿ ಕಾಪಾಡಿ ಎಂದಿತು. ತೋಪು ಅಣ್ಣನ ಸ್ವಾಧೀನದಲ್ಲಿತ್ತು. ಆದ್ದರಿಂದ ಯಥಾಸ್ಥಿತಿ ಎಂದರೆ ಪ್ರತಿ ಬೇಸಿಗೆಯ ಫಸಲು ಅಣ್ಣನದು. ಅವನಿಗೆ ಯಾವ ಅವಸರ? ತಮ್ಮನಿಗೆ ಅವಸರವಿತ್ತು, ಆದರೆ ಅದಕ್ಕಿಂತ ದೊಡ್ಡದಾಗಿ ಹಟವಿತ್ತು. ಐದು ವರ್ಷಗಳ ನಂತರ ಅಣ್ಣ ಬಾವಿಯೂ ಸೇರಿ ಎರಡು ಎಕರೆ ಕೊಡುತ್ತೇನೆಂದು ರಾಜಿಗೆ ಬಂದ. ಅರ್ಧ ಎಕರೆಯ ವ್ಯತ್ಯಾಸ. ‘ಅಪ್ಪನ ಹೆಸರಿಗೆ ಅವಮಾನ’ ಎಂದು ನನ್ನ ಕಕ್ಷಿದಾರ ಎದ್ದು ಹೋದ. ನಾನು ಅವನನ್ನು ತಡೆದು ಕೂರಿಸಬಹುದಿತ್ತು, ಕೂರಿಸಲಿಲ್ಲ. ವಾಯಿದೆಗೊಂದು ಶುಲ್ಕ ಬರುತ್ತಿತ್ತು ಎಂಬುದನ್ನು ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ?

1990ರಲ್ಲಿ ಕೋರ್ಟ್ ಕಮಿಷನರ್ ಅಳತೆಗೆ ಬಂದರು. ಅಷ್ಟರಲ್ಲಿ ತೋಪಿನ ನಡುವೆ ಮುಳ್ಳುತಂತಿ ಬಂದಿತ್ತು. ತಂತಿಯ ಗೆರೆಯ ಮೇಲೆಯೇ ಒಂದು ರಸಪುರಿ ಮರ. ಬುಡ ಈ ಕಡೆ, ಕೊಂಬೆಯೆಲ್ಲ ಆ ಕಡೆ. ಸರಪಳಿ ಹಿಡಿದು ನಡೆಯುತ್ತಿರುವಾಗ ಒಂದು ಹಣ್ಣು ತೊಪ್ಪೆಂದು ಬಿತ್ತು. ಅಣ್ಣನ ಮಗ ನೋಡಿದ, ತಮ್ಮನ ಮಗ ನೋಡಿದ. ಎತ್ತಿಕೊಂಡವನು ಸಾಕ್ಷಿಯಾಗುತ್ತಾನೆ ಎಂಬ ಭಯಕ್ಕೋ ಏನೋ, ಇಬ್ಬರೂ ಬಗ್ಗಲಿಲ್ಲ. ಜೊತೆಗೆ ಬಂದಿದ್ದ ಅಮೀನ ಅದನ್ನೆತ್ತಿ ಪಂಚೆಗೆ ಒರೆಸಿಕೊಂಡು ಅಲ್ಲೇ ತಿಂದ.

ಈಗ ಸೈಪ್ರಸ್ಸಿಗೆ ಬನ್ನಿ. ಪರಿಹಾರದ ಕರಡು ಎಲ್ಲರಿಗೂ ಗೊತ್ತು ಎಂಬ ನಿಮ್ಮ ಮಾತು ನಿಜ: ಎರಡು ವಲಯ, ಎರಡು ಸಮುದಾಯ, ಒಂದು ಒಕ್ಕೂಟ. ಉತ್ತರದವರು ಒಂದಷ್ಟು ನೆಲ ಬಿಟ್ಟುಕೊಡಬೇಕು, ದಕ್ಷಿಣದವರು ಅಧಿಕಾರ ಹಂಚಿಕೊಳ್ಳಬೇಕು. 2004ರಲ್ಲಿ ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್‌ರ ಯೋಜನೆ ಇದನ್ನೇ ಅಚ್ಚು ಹಾಕಿ ಮತಕ್ಕಿಟ್ಟಿತು. ಟರ್ಕಿಶ್ ಸೈಪ್ರಿಯಟರಲ್ಲಿ ಶೇ 65 ಮಂದಿ ಒಪ್ಪಿದರು. ಗ್ರೀಕ್ ಸೈಪ್ರಿಯಟರಲ್ಲಿ ಶೇ 76 ಮಂದಿ ಬೇಡವೆಂದರು. ಒಂದು ವಾರದ ನಂತರ, ಮೇ 1ರಂದು, ಬೇಡವೆಂದವರು ಯುರೋಪ್ ಒಕ್ಕೂಟದ ಸದಸ್ಯರಾದರು. ಒಪ್ಪಿದವರು ಹೊರಗೇ ಉಳಿದರು. ಡಿಕ್ರಿಯ ಫಲವನ್ನು ಮೊದಲೇ ಕೈಗಿಟ್ಟು ಆಮೇಲೆ ರಾಜಿ ಮಾಡಿಕೊಳ್ಳಿ ಎಂದರೆ ಯಾವ ಕಕ್ಷಿದಾರ ಬಗ್ಗುತ್ತಾನೆ? ನನ್ನ ಮಟ್ಟಿಗೆ ಇಡೀ ಪ್ರಕರಣದ ಅತಿ ದೊಡ್ಡ ಪ್ರಮಾದ ಅದು.

ಹಾಗೆಂದು ಬೇಡವೆಂದವರ ಭಯ ಸುಳ್ಳಲ್ಲ. ಟರ್ಕಿಯ ಸಾವಿರಾರು ಸೈನಿಕರು ಇನ್ನೂ ಅಲ್ಲಿರುವಾಗ, ಬೇಕೆಂದಾಗ ಮಧ್ಯೆ ಬರುವ ಜಾಮೀನುದಾರನ ಹಕ್ಕನ್ನು ಆ ದೇಶ ಬಿಡದಿರುವಾಗ, ರಾಜಿ ಪತ್ರಕ್ಕೆ ಸಹಿ ಹಾಕುವ ಕೈ ನಡುಗುವುದು ಸಹಜ. 2017ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್ ಮೊಂಟಾನಾದಲ್ಲಿ ದಕ್ಷಿಣದ ಅಂದಿನ ಅಧ್ಯಕ್ಷ ಅನಾಸ್ತಾಸಿಯಾದಿಸ್ ಮತ್ತು ಉತ್ತರದ ಅಂದಿನ ನಾಯಕ ಅಕಿಂಜಿ ಬಹಳ ಹತ್ತಿರ ಬಂದಿದ್ದರು. ಒಂದು ರಾತ್ರಿಯೂಟದ ಮೇಜಿನಲ್ಲಿ, ಮುಖ್ಯವಾಗಿ ಸೈನ್ಯ ಮತ್ತು ಜಾಮೀನಿನ ಪ್ರಶ್ನೆಯ ಮೇಲೆ, ಎಲ್ಲ ಮುರಿದುಬಿತ್ತು. ದಕ್ಷಿಣದವರ ಕೈಯಲ್ಲಿ ಮಾನ್ಯತೆ ಪಡೆದ ರಾಜ್ಯವಿದೆ. ಉತ್ತರದವರ ಹಿಂದೆ ಸೈನ್ಯವಿದೆ. ತಂತಿಯ ಎರಡೂ ಕಡೆ ಅಣ್ಣಂದಿರೇ ಇರುವ ತೋಪು ಅದು.

*ಬೇರೆಯವರ ಮನೆಯಲ್ಲಿ ಐವತ್ತು ವರ್ಷ ವಾಸವಿದ್ದರೆ ಅನುಭವದ ಹಕ್ಕು ಬರುವುದಿಲ್ಲವೇ? ಅಲ್ಲಿನ ಕಾನೂನು ಏನು ಹೇಳುತ್ತದೆ?*
— ಓದುಗರೊಬ್ಬರು, ಚಿಂತಾಮಣಿ

ಇವರು ನಮ್ಮವರು. ನೇರವಾಗಿ ಸ್ವಾಧೀನಕ್ಕೇ ಕೈ ಹಾಕಿದ್ದಾರೆ.

ಟಿಟಿನಾ ಲೊಯಿಝಿದು ಎಂಬ ಗ್ರೀಕ್ ಸೈಪ್ರಿಯಟ್ ಮಹಿಳೆಯ ಜಮೀನು ಉತ್ತರದ ಕಿರೀನಿಯಾದಲ್ಲಿತ್ತು. ಅಲ್ಲಿಗೆ ಹೋಗಲು ಬಿಡುತ್ತಿಲ್ಲವೆಂದು ಆಕೆ ಟರ್ಕಿಯ ಮೇಲೆ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1996ರಲ್ಲಿ ನ್ಯಾಯಾಲಯ, ಜಮೀನಿನ ಒಡತಿ ಇನ್ನೂ ಆಕೆಯೇ ಎಂದಿತು. 1998ರಲ್ಲಿ ಪರಿಹಾರ ಕೊಡಲು ಆದೇಶಿಸಿತು. ಟರ್ಕಿ ಹಣ ಕಟ್ಟಿದ್ದು 2003ರಲ್ಲಿ. ಡಿಕ್ರಿ ಪಡೆಯುವುದು ಬೇರೆ, ಜಾರಿ ಮಾಡಿಸುವುದು ಬೇರೆ ಎಂಬುದು ನಮ್ಮಲ್ಲಿ ಮಾತ್ರವಲ್ಲ.

ಆಮೇಲೆ ಉತ್ತರದಲ್ಲಿ ಒಂದು ಸ್ಥಿರಾಸ್ತಿ ಆಯೋಗ ಬಂತು. 2010ರಲ್ಲಿ ಅದೇ ನ್ಯಾಯಾಲಯ, ಮೊದಲು ಆ ಆಯೋಗದ ಬಾಗಿಲು ತಟ್ಟಿ ಬನ್ನಿ ಎಂದು ಗ್ರೀಕ್ ಅರ್ಜಿದಾರರನ್ನು ಹಿಂದಕ್ಕೆ ಕಳುಹಿಸಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಸರಿದಿದೆ, ಈಗ ಅಲ್ಲಿರುವವರ ಬದುಕನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬ ಧಾಟಿ ಆ ತೀರ್ಪಿನಲ್ಲಿತ್ತು. 1996ರಿಂದ 2010ಕ್ಕೆ ತಕ್ಕಡಿ ಎತ್ತ ವಾಲಿತು ನೋಡಿ. ಹಕ್ಕುಪತ್ರ ಒಬ್ಬರ ಪೆಟ್ಟಿಗೆಯಲ್ಲಿ, ಆ ಮನೆಯಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಇನ್ನೊಬ್ಬರ ಅಂಗಳದಲ್ಲಿ. ದಕ್ಷಿಣದಲ್ಲಿ ಟರ್ಕರು ಬಿಟ್ಟುಬಂದ ಆಸ್ತಿಗೆ ಸರ್ಕಾರವೇ ಪಾಲಕ. ಅದರ ಕಥೆಯೂ ಸುಲಭದ್ದಲ್ಲ.

*ಕೋಲಾರದ ವಕೀಲರಿಗೆ ಈ ದ್ವೀಪದ ಹುಚ್ಚು ಹತ್ತಿದ್ದು ಹೇಗೆ?*
— ಅನೇಕರು

ಜನರಲ್ ತಿಮ್ಮಯ್ಯನವರಿಂದ. ಕೊಡಗಿನ ನಮ್ಮ ಕೆ.ಎಸ್. ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ ಸೈಪ್ರಸ್ಸಿನ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದರು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಆಗ ನನಗೆ ಹನ್ನೆರಡು ವರ್ಷ. ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ಹೆಡ್‌ಮಾಸ್ತರು ಕಣ್ಣೊರೆಸಿಕೊಂಡಿದ್ದು, ಆಮೇಲೆ ತರಗತಿಯ ಕಪ್ಪುಹಲಗೆಯ ಮೇಲೆ ಬಾಲವಿರುವ ಕುಂಬಳಕಾಯಿಯಂಥ ಒಂದು ನಕ್ಷೆ ಬರೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ‘ಅಣ್ಣ ತಮ್ಮಂದಿರ ನಡುವೆ ನಿಂತಿದ್ದರು’ ಎಂದರು ಅಷ್ಟೇ. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಆ ಪಡೆಯ ಮೊದಲ ದಂಡನಾಯಕ ಗ್ಯಾನಿ, ತಿಮ್ಮಯ್ಯ, 1974ರ ಯುದ್ಧದ ಹೊತ್ತಿನಲ್ಲಿದ್ದ ಪ್ರೇಮ್ ಚಂದ್, ಮೂವರೂ ಭಾರತೀಯರು. 2025ರ ಜೂನಿನಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಹೋದಾಗ ನಿಕೋಸಿಯಾದ ಆ ಗೆರೆಯನ್ನು ಟಿವಿಯಲ್ಲಿ ಕಂಡು ನಾನು ಕುರ್ಚಿ ಮುಂದಕ್ಕೆಳೆದುಕೊಂಡೆ. ಮನೆಯವರು ನಕ್ಕರು.

*ಹಾಗಾದರೆ ಆಸೆಯೇ ಇಲ್ಲವೇ?*
— ನಿವೃತ್ತ ಗ್ರಾಮ ಲೆಕ್ಕಿಗರು, ಮುಳಬಾಗಿಲು

ಪೂರ್ತಿ ರಾಜಿಯ ಆಸೆ ನನಗೆ ಕಡಿಮೆ. ಆದರೆ ಹೋದ ಸಂಚಿಕೆಯ ಒಂದು ಸಾಲನ್ನು ಸ್ವಲ್ಪ ಸಡಿಲಿಸುತ್ತೇನೆ. 2025ರ ಅಕ್ಟೋಬರಿನಲ್ಲಿ ಉತ್ತರದಲ್ಲಿ ಚುನಾವಣೆ ನಡೆಯಿತು. ಎರಡು ದೇಶವೇ ಬೇಕು ಎನ್ನುತ್ತಿದ್ದ ಎರ್ಸಿನ್ ತಾತಾರ್ ಸೋತರು. ಒಕ್ಕೂಟದ ಪರವಾಗಿರುವ ತುಫಾನ್ ಎರ್ಹುರ್ಮನ್ ಶೇ 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಈತ ಕಾನೂನು ಪ್ರಾಧ್ಯಾಪಕ, ನನಗೆ ಇಷ್ಟವಾದದ್ದು ಆತನ ಷರತ್ತು. ಮಾತುಕತೆಗೆ ಕಾಲಮಿತಿ ಇರಬೇಕು, ಮತ್ತು ಗ್ರೀಕ್ ಕಡೆಯವರು ಮತ್ತೆ ಎದ್ದು ಹೋದರೆ ನಾವು ಹಳೆಯ ಯಥಾಸ್ಥಿತಿಗೇ ಮರಳುವಂತಾಗಬಾರದು ಎನ್ನುತ್ತಾರೆ. ಅಂದರೆ ವಾಯಿದೆ ಕೇಳುವವನಿಗೆ ಖರ್ಚು ಬೀಳಬೇಕು! ನಮ್ಮ ತೋಪಿನ ದಾವೆಯಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ಎಂದುಕೊಂಡೆ. ದಕ್ಷಿಣದ ಅಧ್ಯಕ್ಷ ಕ್ರಿಸ್ತೊದುಲಿದಿಸ್ ಕ್ರಾನ್ಸ್ ಮೊಂಟಾನಾದ ಕಾಲದಲ್ಲಿ ಸರ್ಕಾರದ ವಕ್ತಾರರಾಗಿದ್ದವರು. ಎಲ್ಲಿ ಮುರಿಯಿತೆಂದು ಹತ್ತಿರದಿಂದ ಬಲ್ಲರು. ಆದರೆ ಸೈನ್ಯ ಮತ್ತು ಜಾಮೀನಿನ ವಿಷಯದಲ್ಲಿ ಕೊನೆಯ ಮಾತು ಟರ್ಕಿಯ ರಾಜಧಾನಿ ಅಂಕಾರಾದ್ದು, ಅದನ್ನು ಯಾವ ಚುನಾವಣೆಯೂ ಬದಲಿಸಿಲ್ಲ.

ನನಗೆ ನಂಬಿಕೆ ಇರುವುದು ಚಿಕ್ಕ ಕೆಲಸಗಳಲ್ಲಿ. 1970ರ ದಶಕದ ಕೊನೆಯಲ್ಲಿ, ಯುದ್ಧದ ಗಾಯ ಹಸಿಯಾಗಿರುವಾಗಲೇ, ನಿಕೋಸಿಯಾದ ಇಬ್ಬರು ಮೇಯರ್‌ಗಳು, ಲೆಲ್ಲೋಸ್ ದಿಮಿತ್ರಿಯಾದಿಸ್ ಮತ್ತು ಮುಸ್ತಫಾ ಅಕಿಂಜಿ, ಒಳಚರಂಡಿಯ ವಿಷಯದಲ್ಲಿ ಒಪ್ಪಂದಕ್ಕೆ ಬಂದರು. ಕೊಳಚೆ ನೀರಿಗೆ ಇಳಿಜಾರು ಗೊತ್ತು, ಗಡಿ ಗೊತ್ತಿಲ್ಲವಲ್ಲ. ದಕ್ಷಿಣದ ಮನೆಗಳ ನೀರು ಗೆರೆಯಡಿ ಹರಿದು ಉತ್ತರದ ಶುದ್ಧೀಕರಣ ಘಟಕ ಸೇರುತ್ತದೆ. 2003ರಲ್ಲಿ ದಾಟುದಾರಿಗಳು ತೆರೆದಾಗ ಜನ ಸಾಲುಗಟ್ಟಿ ಹೋಗಿ ತಮ್ಮ ಹಳೆಯ ಮನೆಗಳ ಬಾಗಿಲು ತಟ್ಟಿದರು. 2021ರಲ್ಲಿ ಅಲ್ಲಿನ ಚೀಸ್‌ಗೆ ಯುರೋಪು ಕೊಟ್ಟ ಮುದ್ರೆಯಲ್ಲಿ ಹಲ್ಲೂಮಿ ಎಂಬ ಗ್ರೀಕ್ ಹೆಸರೂ ಹೆಲ್ಲಿಮ್ ಎಂಬ ಟರ್ಕಿಶ್ ಹೆಸರೂ ಅಕ್ಕಪಕ್ಕ ಕೂತಿವೆ.

ಇನ್ನೊಂದಿದೆ. 1963–64 ಮತ್ತು 1974ರಲ್ಲಿ ಕಾಣೆಯಾದವರು 2,002 ಮಂದಿ, ಗ್ರೀಕರು 1,510, ಟರ್ಕರು 492. ಅವರನ್ನು ಹುಡುಕಲು 1981ರಲ್ಲೇ ಒಂದು ಜಂಟಿ ಸಮಿತಿ ರಚನೆಯಾಯಿತು. ಎರಡೂ ಸಮುದಾಯಗಳ ವಿಜ್ಞಾನಿಗಳು ಒಂದೇ ಹೊಂಡಕ್ಕಿಳಿದು ಕುಂಚದಿಂದ ಮಣ್ಣು ಕೆದರಿ, ಸಿಕ್ಕ ಮೂಳೆಗಳನ್ನು ಒಂದೇ ಪ್ರಯೋಗಾಲಯದ ಮೇಜಿನ ಮೇಲೆ ಜೋಡಿಸುತ್ತಾರೆ. ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಸಿಕ್ಕಿದೆ. ಮೂಳೆ ಯಾರದೆಂದು ಗೊತ್ತಾಗುವವರೆಗೆ ಅದು ಗ್ರೀಕರದ್ದೋ ಟರ್ಕರದ್ದೋ ಅವರಿಗೂ ತಿಳಿದಿರುವುದಿಲ್ಲ.

ತೋಪಿನ ವಿಷಯ ಕೇಳಿ ಹೇಗೂ ಬರೆಯುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಅಂತಿಮ ಡಿಕ್ರಿ ಬರುವಷ್ಟರಲ್ಲಿ ಅಣ್ಣ ತಮ್ಮ ಇಬ್ಬರೂ ತೀರಿಕೊಂಡಿದ್ದರು. ಮಕ್ಕಳು ಎರಡೂವರೆ, ಎರಡೂವರೆ ಎಕರೆ ಹಂಚಿಕೊಂಡರು. ಬಾವಿ ಬತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ.